ಕಾಲು ಮಿಲಿಮೀಟರಿನ ಸಂದು

ತಂತ್ರಾಂಶದ ಭಂಡಾರದಲ್ಲಿ ಸಿದ್ಧ ಜಂಪರುಗಳಿವೆ,
ಎರಡು ಚೌಕ, ನಡುವೆ ಸಂದು,
ಯಾರ ಅಳತೆಯನ್ನೂ ತೆಗೆಯದೆ ಹೊಲಿದ ಅಂಗಿಯ ಹಾಗೆ.
ನನಗೆ ಬೇಕಿದ್ದದ್ದು ಆವೆಲಿನೊ ಮಾವನ ಕೈಗೆ ಆಗುವಂಥದ್ದು.

ಕಾಸ್ತ್ರೋದಲ್ಲಿ, ನೀರೊಳಗೆ ಕಂಬ ನೆಟ್ಟು ನಿಲ್ಲಿಸಿದ ಮನೆಯ
ಹಿಂಬದಿ ಕೋಣೆ. ಕಡಲು ಇಳಿದಾಗ ಕೆಳಗೆ
ದೋಣಿಗಳು ಕೆಸರಲ್ಲಿ ಮಗ್ಗುಲಾಗುತ್ತವೆ,
ಏರಿದಾಗ ನೆಲದ ಹಲಗೆ ಸಣ್ಣಗೆ ಗೊಣಗುತ್ತದೆ.

ನೀಲಿಕಲ್ಲು ಚಿಪ್ಪು ಸಾಕುವವರಿಗೆ ಎಂಟು ಪೆಟ್ಟಿಗೆ,
ನೀರಿನ ಉಪ್ಪು, ಬಿಸಿ, ಎತ್ತರ ಅಳೆಯಲು
ಎಂಟರಲ್ಲೂ ಒಂದೇ ಬಗೆಯ ಬೋರ್ಡ್.
ಒಂದೇ ತಂತಿಯಲ್ಲಿ ಎಲ್ಲ ಮಾತಾಡಬೇಕು,
ಆದ್ದರಿಂದ ಒಂದೊಂದಕ್ಕೂ ಒಂದು ಸಂಖ್ಯೆ.
ಮೂರು ಜಂಪರ್. ಕೂಡಿಸಿದರೆ ಲೆಕ್ಕಕ್ಕೆ ಬರುತ್ತದೆ, ಬಿಟ್ಟರೆ ಸೊನ್ನೆ.
ಬೆಸುಗೆ ಹಾಕುವುದು ತೇಲುವ ದೋಣಿಯ ಮೇಲೆ,
ಗ್ಯಾಸಿನ ಕಡ್ಡಿ ಹಿಡಿದು, ಎಪ್ಪತ್ತೊಂದರ ಮಾವ,
ಕಳೆದ ಚಳಿಗಾಲದಿಂದ ನಡುಗುತ್ತಿರುವ ಬಲಗೈಯಲ್ಲಿ.

"ಚೌಕ ಬೇಡ," ಅಂದಿದ್ದ.
"ತವರ ಅಂಚಿಗೆ ಬಂದು ನಿಂತುಬಿಡುತ್ತೆ,
ಬಾಗಿಲಲ್ಲಿ ನಿಂತ ನೆಂಟನ ಹಾಗೆ. ಬಾ ಅಂದರೂ ಬರಲ್ಲ."

ಎಡಗಡೆಯ ತಾಮ್ರಕ್ಕೆ ಬಾಣದ ಮೂತಿ ಬರೆದೆ,
ಬಲಗಡೆಯದಕ್ಕೆ ಅದೇ ಅಳತೆಯ ಬಾಯಿ.
ಒಂದು ಬಿಂದು, ಇನ್ನೊಂದು; ಐದನೆಯದು ತಪ್ಪಿ
ಆಕೃತಿ ಮುಚ್ಚಿಕೊಳ್ಳಲಿಲ್ಲ. ಅಳಿಸಿದೆ.
ಹಸಿರು ಹೊದಿಕೆಗೆ ಒಂದೇ ಕಿಟಕಿ ಕೊಯ್ದೆ,
ಎರಡೂ ಅದರಲ್ಲೇ ಇಣುಕಲಿ;
ನಡುವೆ ಹಸಿರಿನ ಎಳೆ ಉಳಿದರೆ ತವರ ದಾಟದು.
ಬೆಸುಗೆ ಪೇಸ್ಟಿನ ಪದರ ತೆಗೆದುಹಾಕಿದೆ:
ಮಾವನಿಗಿಂತ ಮೊದಲು
ಕಾರ್ಖಾನೆ ತೀರ್ಮಾನ ಮಾಡಬಾರದು.

ಸಂದು ಎಷ್ಟು?
ಹತ್ತರಲ್ಲೊಂದು ಮಿಲಿಮೀಟರಿಗೆ ಕಾರ್ಖಾನೆ ಒಪ್ಪುವುದಿಲ್ಲ.
ಅರ್ಧವನ್ನು ಅವನ ಕೈ ದಾಟಿಸದು.
ಕಾಲು ಇಟ್ಟೆ. ತೆಗೆದೆ. ಮತ್ತೆ ಕಾಲೇ ಇಟ್ಟೆ.

ಸ್ಕ್ರೀನಿನ ಮೇಲೆ ಕೆಂಪು ಗುರುತು ನೆಟ್ಟಿತು:
ಎರಡು ಬೇರೆ ಬೇರೆ ಜಾಲಗಳು ಅತಿ ಹತ್ತಿರ.
ಹೌದಪ್ಪ, ಗೊತ್ತು. ಹತ್ತಿರ ತರಲೆಂದೇ ಕೂತಿದ್ದೇನೆ.
ವಿನಾಯಿತಿಯೊಂದನ್ನು ಬರೆದುಕೊಟ್ಟೆ,
ಕಾರಣ ಕೇಳಿದ ಜಾಗದಲ್ಲಿ ಮಾವನ ಹೆಸರು ತುಂಬಿದೆ.

ನಿಜ ಅಳತೆಯಲ್ಲಿ ಕಾಗದಕ್ಕೆ ಅಚ್ಚು ಹಾಕಿ ಒಯ್ದರೆ
ಕನ್ನಡಕ ಹಣೆಗೇರಿಸಿ ಮೂಗಿನ ಹತ್ತಿರ ಹಿಡಿದ.
"ಇದೇನೇ, ಇರುವೆಯ ಹೆಜ್ಜೆ?"
ಪೆನ್ಸಿಲಿನಿಂದ ಒಂದೊಂದನ್ನೇ ಮುಟ್ಟಲು ನೋಡಿದ.
ಮೊದಲನೆಯದು ಸಿಕ್ಕಿತು.
ಎರಡನೆಯದಕ್ಕೆ ಹೋದ ಮೊನೆ ಮೂರನೆಯದನ್ನೂ ಗೀಚಿತು.
ನಾನು ಕಿಟಕಿಯಾಚೆ ನೋಡಿದೆ.
ಅವನೂ ಅಲ್ಲೇ ನೋಡಿದ.

ಉಣ್ಣೆ ಹೆಣೆಯುತ್ತಿದ್ದ ಎಡೆಲ್ಮಿರಾ ಅತ್ತೆ
ತಲೆ ಎತ್ತದೆ ಹೇಳಿದಳು:
"ಇವನ ಅಂಗಿಗೆ ಈಗ ಗುಂಡಿ ದೂರದೂರ ಹೊಲೀತೀನಿ."

ಎರಡು ವಾರ ಸಂದನ್ನೇ ನೋಡುತ್ತ ಕೂತಿದ್ದೆ ನಾನು.
ಸಂದು ಸರಿಯಿತ್ತು.

ದೂರ ಸರಿಸಲು ಬೋರ್ಡಿನಲ್ಲಿ ಜಾಗವಿರಲಿಲ್ಲ.
ಒಂದು ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ
ನನ್ನ ಹೆಸರಿತ್ತು, ಇಸವಿ ಸಮೇತ. ಅಳಿಸಿದೆ.
ಐದೈದು ಮಿಲಿಮೀಟರ್ ದೂರಕ್ಕೆ ಮೂರನ್ನೂ ಒಯ್ದೆ,
ಪಕ್ಕದಲ್ಲಿ ಒಂದು, ಎರಡು, ನಾಲ್ಕು ಎಂದು ಬರೆದೆ.
ಲೆಕ್ಕ ಅವನು ಕೂಡಿಕೊಳ್ಳುತ್ತಾನೆ.

ಆಗಸ್ಟಿನಲ್ಲಿ ಎಂಟೂ ನೀರಿಗಿಳಿದವು.
ಸೊನ್ನೆಯಿಂದ ಆರರವರೆಗೆ ಸಂಖ್ಯೆಗಳು ಬಂದವು,
ಐದು ಮಾತ್ರ ತೊದಲುತ್ತಿತ್ತು, ಎರಡು ಬಾಯಲ್ಲಿ
ಒಮ್ಮೆಗೇ ಮಾತಾಡುವವರ ಹಾಗೆ. ಏಳರ ಸುದ್ದಿಯಿಲ್ಲ.
ಫೋನು ಮಾಡಿದೆ: ಏಳರಲ್ಲಿ ನಡುವಿನದು ಹಿಡಿದಿಲ್ಲ ಮಾವ.
"ಹಿಡಿದಿತ್ತು. ನಾನೇ ನೋಡಿದೆ, ಹೊಳೀತಿತ್ತು."
ಸ್ವಲ್ಪ ಹೊತ್ತು ಬರೀ ಗಾಳಿ.
"ಹೊಳೆದದ್ದೆಲ್ಲ ಹಿಡಿಯಲ್ಲ ಬಿಡು. ಹೋಗಿ
ಇನ್ನೊಂದು ತೊಟ್ಟು ಹಾಕ್ತೀನಿ."
ನಾನು ಬರಲಾ ಎನ್ನುವಷ್ಟರಲ್ಲಿ ಇಟ್ಟುಬಿಟ್ಟ.

ಒಲೆಗೆ ಸೌದೆ ಹಾಕಿದೆ. ತೆಗೆದೆ. ಸುಮ್ಮನೆ ಕೂತೆ.
ಆರೂ ಇಪ್ಪತ್ತಕ್ಕೆ ಐದು ಒಂಟಿಯಾಯಿತು.
ಆಮೇಲೆ ಏಳು:
ಉಪ್ಪು ಮೂವತ್ತೊಂದು,
ನೀರು ಏರುತ್ತಿದೆ.