ಅಡ್ಡ ಹೆಜ್ಜೆ

ಭೈರಾಪುರದ ರೇಷನ್ ಅಂಗಡಿಯ ತಕ್ಕಡಿಗೆ
ನನ್ನ ಚೀಲ ಏರಿಸಿದ ಕಲ್ಲೇಶ.
ಹದಿಮೂರು ಕಿಲೋ ಮುನ್ನೂರು.
"ಮೇಡಂ, ಮನೆ ಬಿಟ್ಟು ಬಂದಿದ್ದೀರಾ,
ಮನೆ ಹೊತ್ತು ಬಂದಿದ್ದೀರಾ?"

ತೆಗೆದಿಟ್ಟೆ: ಎರಡನೇ ಟವೆಲ್ಲು, ಮೂರನೇ ಟಾರ್ಚು,
ಇರಲಿ ಅಂತ ತಂದ ಕೊಡೆ,
ಇರಲಿ ಅಂತ ತಂದ ಇನ್ನೊಂದು ಕೊಡೆ.
ಮೂವತ್ತೆರಡು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತು
ಒಂದು ನೋಟು ಕಡಿಮೆ ಬಿದ್ದರೂ ಕೈಯಿಂದ ಕಟ್ಟಿದವಳಿಗೆ
ಈ 'ಇರಲಿ' ಬಿಡುವುದು ಸುಲಭವಲ್ಲ.

ಹತ್ತುವುದೇನೋ ಹೇಗೋ ಹತ್ತಿದೆ.
ಹುಲ್ಲು ಹಿಡಿದು, ಬಂಡೆಗೆ ಬೈದು,
ಉಂಬಳ ಕಿತ್ತ ಜಾಗಕ್ಕೆ ಸುಣ್ಣ ಹಚ್ಚಿ
ಎತ್ತಿನ ಭುಜದ ಮೇಲೆ ನಿಂತರೆ
ಮಂಜು. ಬರೀ ಮಂಜು.
ಶಿಶಿಲದ ಕಾಡು ಕೆಳಗೆಲ್ಲೋ ಇರಬೇಕು.
ಫೋಟೋದಲ್ಲಿ ನಾನು
ಬ್ಯಾಂಕಿನ ಗೋಡೆಗೆ ಒರಗಿ ನಿಂತ ಹಾಗಿದ್ದೇನೆ.

ಕಲಿತದ್ದು ಇಳಿಯುವಾಗ.
ಮೊಣಕಾಲು ನಡುಗಿ, ಜಾರಿ, ಕೂತೇಬಿಟ್ಟೆ.
ಕಲ್ಲೇಶ ತಿರುಗಿಯೂ ನೋಡದೆ ಅಂದ:
"ನೆಟ್ಟಗೆ ಇಳೀಬೇಡಿ, ಕಾಲು ಅಡ್ಡ ಇಡಿ.
ಇಳಿಜಾರಿಗೆ ಎದೆ ಕೊಡಬಾರದು,
ಮಗ್ಗುಲು ಕೊಡಬೇಕು."

ಅಷ್ಟೇ. ಅದನ್ನೇ ಹೊತ್ತು ತಂದೆ;
ತೂಕವಿಲ್ಲ.

ಈ ಮೂವತ್ತೊಂದಕ್ಕೆ ನಿವೃತ್ತಿ.
ಶಾಲು, ಹಾರ, ಗೋಡೆ ಗಡಿಯಾರ ಎಲ್ಲ ತಂದಿಟ್ಟಿದ್ದಾರಂತೆ.
ಮೂಡಿಗೆರೆ ಶಾಖೆಯ ಹನ್ನೊಂದು ಮೆಟ್ಟಿಲನ್ನು
ದಿನಾ ಸಂಜೆ, ಎಲ್ಲರೂ ಹೋದ ಮೇಲೆ,
ಅಡ್ಡಡ್ಡ ಇಳಿದು ನೋಡುತ್ತಿದ್ದೇನೆ.
"ಕಾಲು ನೋವಾ ಮೇಡಂ?" ಕೇಳಿದ ವಾಚ್‌ಮನ್.
ಇಲ್ಲ ಅಂದೆ.
ಮಳೆ ಬರುವ ಹಾಗಿತ್ತು.
ಕೊಡೆ ಎರಡೂ ಇನ್ನೂ ಭೈರಾಪುರದಲ್ಲೇ ಇವೆ.