ಒಂದು ಇಗರ್ಜಿ, ಒಂದು ಕೆಸರು

ಒಪ್ಪಂದ ಸರಳ:
ಅವಳಿಗೊಂದು ಇಗರ್ಜಿ, ನನಗೊಂದು ಕೆಸರು.
ತಿಂಗಳಿಗೊಂದು ಭಾನುವಾರ,
ಪೆಟ್ರೋಲು ಅರ್ಧರ್ಧ,
ಸ್ಕೂಟರು ಅವಳದು, ದುರ್ಬೀನು ನನ್ನದು.

ತಾರಾಮತಿ ತಾಂಡೇಲ. ಮೂವತ್ತು ವರ್ಷ
ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು.
ದೇವರನ್ನು ನಂಬುವುದಿಲ್ಲ,
ಅವನ ಮನೆಗಳನ್ನು ಬಿಡುವುದಿಲ್ಲ.
ನಾನು ಬ್ಯಾಂಕಿನಲ್ಲಿ ನೋಟು ಎಣಿಸಿದವಳು.
ಎಣಿಕೆ ಬೆರಳಿಗೆ ಅಂಟಿಬಿಟ್ಟಿದೆ,
ಈಗ ಉಲ್ಲಂಕಿಗಳನ್ನು ಎಣಿಸುತ್ತೇನೆ.

ಜನವರಿ. ಕಾಳಿ ಸೇತುವೆ ದಾಟಿ
ಸದಾಶಿವಗಡದಿಂದ ಬಲಕ್ಕೆ, ನದಿಯ ಪಕ್ಕಕ್ಕೇ.
ಹತ್ತೂವರೆಗೆ ನೀರು ಪೂರ್ತಿ ಇಳಿಯುತ್ತದೆ,
ಆಮೇಲೆ ಭರತಿ ಯಾರಿಗೂ ಕಾಯುವುದಿಲ್ಲ
ಅಂತ ಎರಡು ಸಲ ಹೇಳಿದ್ದೆ.
ಎರಡು ಸಲವೂ ಹೂಂ ಅಂದಿದ್ದಳು.

ಚಿರೇಕಲ್ಲಿನ ಮೆಟ್ಟಿಲು, ಸುಣ್ಣ ಕಳಚಿದ ಮೋರೆ.
ಕಿಟಕಿಗೆ ಗಾಜಿಲ್ಲ, ತೆಳ್ಳನೆ ಚಿಪ್ಪು;
ಬಿಸಿಲು ಅದರೊಳಗಿಂದ
ಗಂಜಿತಿಳಿಯ ಹಾಗೆ ಬಸಿದು ಬೆಂಚಿನ ಮೇಲೆ ಬೀಳುತ್ತದೆ.
"ಹತ್ತೇ ನಿಮಿಷ" ಅಂದಳು.
ಅವಳ ಹತ್ತು ನಿಮಿಷ ನನಗೆ ಗೊತ್ತು.

ಹಿಂದಿನ ಅಂಗಳದಲ್ಲಿ ಗೋರಿಗಲ್ಲು.
ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು
ಅಕ್ಕಿಹಿಟ್ಟು ಸುರಿದು ಅಂಗೈಯಲ್ಲಿ ಸವರಿದಳು,
ಮಗುವಿನ ಬೆನ್ನಿಗೆ ಎಣ್ಣೆ ತಿಕ್ಕಿದ ಹಾಗೆ.
ಕಪ್ಪು ಕಲ್ಲಿನೊಳಗಿಂದ ಒಂದು ಕೊಕ್ಕೆ ಎದ್ದಿತು,
ಒಂದು ಸೊನ್ನೆ, ಬಾಲವಿದ್ದದ್ದೊಂದು.
ಹೆಸರಿನ ಜಾಗ ಸವೆದು ಬರೀ ಗುಳಿ.
"ಹೆಂಗಸು" ಅಂದಳು.
"ಹೇಗೆ ಗೊತ್ತು?"
"ಪದದ ಕೊನೆ ನೋಡು. ಪೋರ್ಚುಗೀಸರ ವ್ಯಾಕರಣ.
ಇಷ್ಟೇ ಉಳಿದಿರೋದು ಅವಳದು."

ಅಷ್ಟರಲ್ಲಿ ಇರುವೆಗಳಿಗೆ ಸುದ್ದಿ ಮುಟ್ಟಿತ್ತು.
ಸೊನ್ನೆಯ ಒಂದು ಬದಿ ಮೆಲ್ಲಗೆ ಹೊರಟಿತು,
ಕೊಕ್ಕೆ ಎದ್ದು ಅಂಗಳ ದಾಟತೊಡಗಿತು.
ಇರುವೆಗಳ ಹಿಂದೆ ಮಡಿವಾಳ ಹಕ್ಕಿ,
ಬಾಲ ನೆಟ್ಟಗೆ ಎತ್ತಿ, ಸಾಲು ಹಿಡಿದು ಕುಕ್ಕುತ್ತ.
"ಶ್ಶ್! ಇನ್ನೂ ಓದಿಲ್ಲ ನಾನು!"
"ಅದು ಓದ್ತಾ ಇದೆ, ಸುಮ್ನಿರು" ಅಂದು
ನನ್ನ ಪುಸ್ತಕದಲ್ಲಿ ಬರೆದೆ: ಮಡಿವಾಳ, ಒಂದು.

ಹನ್ನೆರಡಕ್ಕೆ ಗಂಟೆಯಾಗಲಿಲ್ಲ.
ಠಣ್, ಠಣ್, ನಮ್ಮ ಶಾಲೆಯ ಸದ್ದು.
ಗೇರುಮರಕ್ಕೆ ತೂಗುಹಾಕಿದ ರೈಲುಕಂಬಿಯ ತುಂಡಿಗೆ
ಕಾಯ್ತಾನ ಸುತ್ತಿಗೆಯಿಂದ ಬಡಿಯುತ್ತಿದ್ದ.
ಎಪ್ಪತ್ತು ದಾಟಿದವ, ಬನಿಯನ್ನು, ಕೊರಳಲ್ಲಿ ಬೀಗದ ಕೈ.
"ಗಂಟೆ ಇದೆ ಬಾಯೀ, ಚಲೋದೇ ಇದೆ.
ಮೇಲೆ ಬಾಣಂತಿ ಇದ್ದಾಳೆ."

ಕಣಜಗೂಬೆ. ಐದು ಮೊಟ್ಟೆ.
ಗಂಟೆಯ ನಾಲಿಗೆಗೆ ಹಳೇ ಲುಂಗಿ ಸುತ್ತಿ ಕಟ್ಟಿದ್ದಾನೆ.
ಊರ ಹೆಂಗಸರು ಅಪಶಕುನ ಅಂತ ಬಂದರಂತೆ,
ಇವ ಕೇಳಿದನಂತೆ: ನಿಮ್ಮ ಭತ್ತದ ಇಲಿ ಎಲ್ಲಿ ಹೋಯಿತು?
ತಿಂಗಳಿಗೊಮ್ಮೆ ಬರುವ ಪಾದ್ರಿಗೆ ಮಾತ್ರ
ಗಂಟೆ ಬಿರುಕು ಬಿಟ್ಟಿದೆ ಎಂದಿದ್ದಾನೆ.
"ಆ ಸುಳ್ಳಿಗೆ ಅವರ ಮುಂದೇ ಪಾಪ ಒಪ್ಪಿಕೋಬೇಕಲ್ಲ,
ಮರಿ ಹಾರಲಿ, ಆಮೇಲೆ."

"ಹಳ್ಳೂ, ಹಳ್ಳೂ" ಅನ್ನುತ್ತ ಏಣಿ ಹಿಡಿದ.
ಹದಿನಾಲ್ಕು ಇಗರ್ಜಿಗಳಲ್ಲಿ ಒಮ್ಮೆಯೂ
ದುರ್ಬೀನು ಮುಟ್ಟದ ತಾರಾಮತಿ
ನನ್ನ ಕೊರಳಿಂದ ಬಿಚ್ಚಿಕೊಂಡು ಮೊದಲು ಹತ್ತಿದಳು.
ಹತ್ತಡಿ ದೂರದ ಹಕ್ಕಿಗೆ ದುರ್ಬೀನೇಕೆ, ಕೇಳಲಿಲ್ಲ.
ಬಹಳ ಹೊತ್ತು ಇಳಿಯಲಿಲ್ಲ.
"ಯಾರೋ ಹಿಟ್ಟು ಸವರಿಟ್ಟ ಮುಖ" ಅಂದಳು ಇಳಿದು,
"ಓದೋಕೆ ಬರಲ್ಲ."
ಆಮೇಲೆ ಕಾಯ್ತಾನ ಕೊಟ್ಟ ಬಂಗಡೆ ಸಾರು, ಕುಚ್ಚಲಕ್ಕಿ,
ಆಮೇಲೆ ಅವನ ಅಜ್ಜನ ಕತೆ, ಆಮೇಲೆ ಇನ್ನೊಂದು ಕಲ್ಲು.

ನನ್ನ ಕೆಸರಿಗೆ ಬಂದಾಗ ನಾಲ್ಕೂಮುಕ್ಕಾಲು.
ಕೆಸರಿರಲಿಲ್ಲ. ದಂಡೆಯಿಂದ ದಂಡೆಗೆ ನೀರು.
ಗೂಟದ ಮೇಲೊಂದು ನೀರುಕಾಗೆ ರೆಕ್ಕೆ ಬಿಚ್ಚಿ
ಅಂಗಿ ಒಣಗಿಸುತ್ತಿತ್ತು. ಉಲ್ಲಂಕಿ: ಸೊನ್ನೆ.
"ಬಾಕಿ ಇಟ್ಕೋ" ಅಂದಳು ತಾರಾಮತಿ.
ಇಟ್ಟುಕೊಂಡೆ, ತಾರೀಖು ಹಾಕಿ.

ಮರಳುವಾಗ ಸೇತುವೆಯ ಗಾಳಿಯಲ್ಲಿ
ಅವಳ ಬೆನ್ನಿಗೆ ಒತ್ತಿ ಕೂತಿದ್ದೆ.
ರವಿಕೆಯ ಅಂಚಿನಲ್ಲಿ ಒಂದು ಇರುವೆ
ಯಾವುದೋ ಅಕ್ಷರದ ಚೂರು ಹೊತ್ತು
ಕುತ್ತಿಗೆಯ ಕಡೆ ನಡೆದಿತ್ತು.
ಕೋಡಿಬಾಗ ಬಂದರೂ ಕೊಡವಲಿಲ್ಲ.