ನಲವತ್ತೊಂದನೇ ಪುಟದ ಚಂದ್ರ

ಬಂದರಿನಿಂದ ಬೆಂಗ್ರೆಗೆ ದಾಟುವ ದೋಣಿಯಲ್ಲಿ
ಎಂಜಿನ್ ಪೆಟ್ಟಿಗೆಗೆ ಒರಗಿ ಓದುತ್ತಿದ್ದೆವು
ರಟ್ಟು ಹರಿದ ಒಂದು ಚಿತ್ರಕಥೆ.
ಹಂಪನಕಟ್ಟೆಯ ಫುಟ್‌ಪಾತಿನಲ್ಲಿ ನಾಲ್ಕು ರೂಪಾಯಿಗೆ ಸಿಕ್ಕಿದ್ದು.
ಪುಟ ಮಗುಚುವ ಹಕ್ಕು ಐರಿನ್‌ಳದು,
ನಾಲ್ಕರಲ್ಲಿ ಮೂರು ಅವಳು ಕೊಟ್ಟದ್ದು.

ಅದರಲ್ಲಿ ಯಾರೂ ಪ್ರೀತಿ ಅಂತ ಬಾಯಿಬಿಟ್ಟು ಹೇಳುವುದಿಲ್ಲ.
ಅವನು ಕೈ ಚಾಚಿದರೆ ಮುಂದಿನ ಚೌಕದಲ್ಲಿ ಬಳ್ಳಿ,
ಅವಳು ಕಣ್ಣು ಮುಚ್ಚಿದರೆ ಹೂವು, ಅದರೊಳಗೆ ದುಂಬಿ.
"ಇದೆಂಥ ಹೂ ಮಾರಾಯ, ಹೆಸರಿಲ್ಲದ್ದು?
ಐದೆಸಳು ಗೀಚಿದರೆ ಮುಗೀತಾ?"
ಅವಳ ಅಮ್ಮ ಶಂಕರಪುರದ ಮಲ್ಲಿಗೆಯನ್ನು
ಅಟ್ಟೆ ಲೆಕ್ಕದಲ್ಲಿ ಮಾರುವವಳು;
ಅವರ ಮನೆಯಲ್ಲಿ ಹೂವಿಗೆ ಅರ್ಥ ಇರಲಿಲ್ಲ, ದರ ಇತ್ತು.

ನಲವತ್ತೊಂದನೇ ಪುಟದಲ್ಲಿ ಮಾತೇ ಇಲ್ಲ.
ಮರಳು. ಎರಡು ಬೆನ್ನು. ಎದುರಿಗೆ ಕಡಲು,
ಕಡಲಂಚಿಗೆ ತಾಗಿದ ಹುಣ್ಣಿಮೆ ಚಂದ್ರ.

ಎಸ್ಸೆಸ್ಸೆಲ್ಸಿ ಕನ್ನಡವನ್ನು ಎರಡು ಸಲ ಬರೆದವನು ನಾನು,
ಅಲಂಕಾರ ಗೊತ್ತೆಂಬ ಜಂಬ:
"ಚಂದ್ರ ಹುಟ್ಟುತ್ತಿದ್ದಾನೆ. ಅಂದರೆ, ಪ್ರೀತಿ ಹುಟ್ಟುತ್ತಿದೆ."

ಗೇರುಬೀಜದ ಎಣ್ಣೆಗೆ ಕಪ್ಪಾದ ಬೆರಳನ್ನು
ಅವಳು ಚಂದ್ರನ ಮೇಲಿಟ್ಟಳು.
"ನಮ್ಮ ಕಡಲಲ್ಲಿ ಚಂದ್ರ ಹುಟ್ಟಿದ್ದು ಯಾವಾಗ ಕಂಡೆ ನೀನು?
ಹುಟ್ಟುವುದು ಆಚೆ, ಊರಿನ ಬೆನ್ನಿಗೆ, ಗುಡ್ಡದ ತಲೆಯಲ್ಲಿ.
ಕಡಲಿಗೆ ಬರುವುದು ಮುಳುಗಲಿಕ್ಕೆ,
ಬೆಳಗಿನ ಜಾವ, ದೋಣಿ ಇಳಿಸುವ ಹೊತ್ತಿಗೆ."

ಬರೆದವನು ಮೂಡುಗಡಲಿನವನಿರಬೇಕು, ಅವನಿಗೆ ಅದು ಸರಿ,
ಅಂದೆ. ಅವಳಿಗೆ ಕೇಳಿಸಲಿಲ್ಲ.
"ಹಾಗಾದರೆ ಇವರು," ಸ್ವಲ್ಪ ತಡೆದು,
"ಇಡೀ ರಾತ್ರಿ ಇಲ್ಲೇ ಕೂತಿದ್ದಾರೆ.
ಹುಡುಕಿಕೊಂಡು ಯಾರೂ ಬರಲಿಲ್ಲ.
ಇವಳಿಗೆ ಅಣ್ಣಂದಿರಿಲ್ಲ ಅಂತ ಕಾಣ್ತದೆ."

ದೋಣಿ ದಕ್ಕೆಗೆ ತಾಗಿತು. ಮೊದಲು ಬುಟ್ಟಿಗಳು ಇಳಿದವು.
ಗಿಲ್ಬರ್ಟ್ ಸೈಕಲ್ಲಿಗೆ ಒರಗಿ ನಿಂತಿದ್ದ.
ನನ್ನ ಗುರುತೇ ಇಲ್ಲದವಳ ಹಾಗೆ ಅವಳು ಇಳಿದು ಹೋದಳು,
ಪುಸ್ತಕ ನನ್ನ ಅಂಗಿಯೊಳಗೆ ಉಳಿಯಿತು.

ಉಳಿದ ಪುಟ ಓದಲಿಲ್ಲ ಅಂದರೆ ಸುಳ್ಳಾಗುತ್ತದೆ.
ಕೊನೆಗೆ ಮದುವೆ, ಒಂದು ಮಳೆಬಿಲ್ಲು ಕೂಡ ಉಂಟು.
ಮುಂದಿನ ಹುಣ್ಣಿಮೆಗೆ, ಕೋಳಿ ಕೂಗುವ ಮೊದಲು,
ಬೆಂಗ್ರೆಯ ಮರಳಿನಲ್ಲಿ ಹೋಗಿ ಕೂತೆ.
ಅವಳು ಹೇಳಿದ ಹಾಗೆಯೇ ಮುಳುಗುತ್ತಿತ್ತು,
ಕೆಂಪಗೆ, ತುಸು ಚಪ್ಪಟೆಯಾಗಿ.
ನಡುವೆ ಬೆರಳಿನಷ್ಟು ಕಲೆ.

"ಯಾರದು ಅಲ್ಲಿ?" ಕತ್ತಲಿನಿಂದ ಯಾರೋ ಕೂಗಿದರು,
"ಸುಮ್ಮನೆ ಕೂತದ್ದಾ? ಬಾ,
ಬಲೆಗೆ ಒಂದು ಕೈ ಕಡಿಮೆ ಉಂಟು."